ಇಂಗಾಲದ ಲೆಕ್ಕದಲ್ಲಿ ಮಣ್ಣಿನ ತೂಕ

ಮಣ್ಣಿನಲ್ಲಿ ಇಂಗಾಲದ ಸಂಗ್ರಹವನ್ನು ಅಳೆಯುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಗಮನವೆಲ್ಲ ಪ್ರಯೋಗಾಲಯದ ಮೇಲೆಯೇ ಇತ್ತು. ಮಾದರಿಯನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಸುಣ್ಣದ ಅಂಶವಿದ್ದರೆ ಆಮ್ಲ ಹಾಕಿ ತೆಗೆದು, ಕೊನೆಗೆ ಅದನ್ನು ಉರಿಸಿ ಹೊರಬಂದ ಕಾರ್ಬನ್ ಡೈಆಕ್ಸೈಡನ್ನು ಅಳೆಯುವವರೆಗೆ ಪ್ರತಿ ಹಂತದಲ್ಲೂ ಎಚ್ಚರ ವಹಿಸುತ್ತಿದ್ದೆ. ತಪ್ಪು ಆದದ್ದು ಅದರ ನಂತರದ ಗುಣಾಕಾರದಲ್ಲಿ.

ಪ್ರತಿ ವರ್ಷ ಉಳುವ ಹೊಲವನ್ನೂ ಕೆಲವು ವರ್ಷಗಳಿಂದ ಉಳುಮೆ ನಿಲ್ಲಿಸಿದ್ದ ಪಕ್ಕದ ಹೊಲವನ್ನೂ 30 ಸೆಂಟಿಮೀಟರ್ ಆಳದವರೆಗೆ ಹೋಲಿಸಿ, ಉಳದ ಹೊಲದಲ್ಲಿ ಹೆಕ್ಟೇರಿಗೆ ಹಲವು ಟನ್ ಇಂಗಾಲ ಹೆಚ್ಚಾಗಿದೆಯೆಂದು ವರದಿ ಬರೆದೆ. ಕರಡನ್ನು ಓದಿದ ಹಿರಿಯ ಸಹೋದ್ಯೋಗಿಯೊಬ್ಬರು, "ಎರಡೂ ಕಡೆ ಒಂದೇ ತೂಕದ ಮಣ್ಣನ್ನು ಹೋಲಿಸಿದ್ದೀರಾ?" ಎಂದು ಕೇಳಿದರು. ನಾನು ಹೋಲಿಸಿದ್ದು ಒಂದೇ ಆಳವನ್ನು.

ಇಂಗಾಲ ಶೇಕಡಾ 1ರಷ್ಟಿರುವ ಮಣ್ಣಿನ ಸ್ಥೂಲ ಸಾಂದ್ರತೆ, ಅಂದರೆ ಸಂದುಗಳೂ ಸೇರಿದಂತೆ ಅಷ್ಟು ಜಾಗದಲ್ಲಿರುವ ಒಣ ಮಣ್ಣಿನ ತೂಕ, ಘನ ಸೆಂಟಿಮೀಟರಿಗೆ 1.3 ಗ್ರಾಂ ಇದ್ದರೆ, 30 ಸೆಂಟಿಮೀಟರ್ ಆಳಕ್ಕೆ ಹೆಕ್ಟೇರಿಗೆ 39 ಟನ್ ಇಂಗಾಲವಾಗುತ್ತದೆ. ಅದೇ ಮಣ್ಣು ಯಂತ್ರಗಳ ಓಡಾಟಕ್ಕೆ ಸಿಕ್ಕಿ ಗಟ್ಟಿಯಾಗಿ ಸಾಂದ್ರತೆ 1.5ಕ್ಕೆ ಏರಿದರೆ ಲೆಕ್ಕ 45 ಟನ್ ತೋರಿಸುತ್ತದೆ. ಹೊಸದಾಗಿ ಒಂದು ಎಲೆಯೂ ಕೊಳೆತು ಸೇರಿರುವುದಿಲ್ಲ. ಕೆಳಗಿದ್ದ ಮಣ್ಣು ನಮ್ಮ ಅಳತೆಯ ಗಡಿಯೊಳಗೆ ಬಂದಿರುತ್ತದೆ, ಅಷ್ಟೆ. ಗಟ್ಟಿಯಾದ ಮಣ್ಣನ್ನು 26 ಸೆಂಟಿಮೀಟರ್‌ವರೆಗೆ ಮಾತ್ರ ಲೆಕ್ಕಕ್ಕೆ ಹಿಡಿದರೆ ಎರಡರ ತೂಕವೂ ಸಮನಾಗಿ, ಹೆಚ್ಚೆಂದು ತೋರಿದ ಆ 6 ಟನ್ ಇಲ್ಲವಾಗುತ್ತದೆ.

ಹೀಗೆ ತೂಕ ಸರಿಹೊಂದಿಸಿ ನೋಡಿದಾಗ ನನ್ನ ವರದಿಯ ಹೆಚ್ಚಳದಲ್ಲಿ ಬಹುಪಾಲು ಕರಗಿತು. ಉಳಿದದ್ದು ಮೇಲಿನ ಪದರದಲ್ಲಿತ್ತು. ಆದರೆ ಉಳುವ ಹೊಲದಲ್ಲಿ ಬೆಳೆಯ ಕೂಳೆ ನೇಗಿಲಿನಡಿ ಮಗುಚಿ ಕೆಳಗೆ ಹೋಗುವುದರಿಂದ, ಅಲ್ಲಿನ ಕೆಳಪದರದಲ್ಲಿ ಇಂಗಾಲ ಉಳದ ಹೊಲಕ್ಕಿಂತ ತುಸು ಹೆಚ್ಚೇ ಇತ್ತು. ಮೇಲುಮಣ್ಣನ್ನಷ್ಟೇ ನೋಡಿ ಒಂದು ಬೇಸಾಯ ಪದ್ಧತಿಯನ್ನು ಹೊಗಳುವುದು ಸರಿಯಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. ಭೂಮಿಯ ಮೇಲಿನ ಒಂದು ಮೀಟರ್ ಮಣ್ಣಿನಲ್ಲಿರುವ ಸಾವಯವ ಇಂಗಾಲ ಸುಮಾರು 1,500 ಶತಕೋಟಿ ಟನ್, ಅಂದರೆ ವಾತಾವರಣದಲ್ಲಿರುವುದಕ್ಕಿಂತ ಹೆಚ್ಚು. ಇಂಥ ಸಂಗ್ರಹದ ವಿಷಯದಲ್ಲಿ ಸುಳ್ಳು ಹೆಚ್ಚಳವನ್ನು ವರದಿ ಮಾಡುವುದು ಸಣ್ಣ ತಪ್ಪಲ್ಲ.

ಈಗ ಸಾಂದ್ರತೆ ಅಳೆಯಲು ಗೊತ್ತಾದ ಗಾತ್ರದ ಮಣ್ಣನ್ನು ತೆಗೆಯುವ ಉಂಗುರವನ್ನು ನಾನೇ ಇಳಿಸುತ್ತೇನೆ. ಸುತ್ತಲಿನ ಮಣ್ಣನ್ನು ಬಿಡಿಸಿ, ಉಂಗುರವನ್ನು ಅಲುಗಿಸದೆ ಎತ್ತಿ, ಎರಡೂ ಬದಿಯನ್ನು ಚಾಕುವಿನಿಂದ ಸಮನಾಗಿ ಕೊಯ್ದು, ಚಾಚಿದ ಬೇರನ್ನು ಕತ್ತರಿಸಿ, 105 ಡಿಗ್ರಿಯಲ್ಲಿ ಒಣಗಿಸಿ ತೂಗುತ್ತೇನೆ. ಅಂಚಿನಲ್ಲಿ ಕಲ್ಲು ಕಿತ್ತುಬಂದು ಗುಳಿ ಬಿದ್ದಿದ್ದರೆ ಆ ಮಾದರಿಯನ್ನು ಬಿಟ್ಟು, ಪಕ್ಕದಲ್ಲಿ ಮತ್ತೊಂದು ಉಂಗುರ ಇಳಿಸುತ್ತೇನೆ.