ನಗೋಯಾದ ಇಂಜಿನಿಯರ್ ಜೊತೆ ಐವತ್ತು ನಿಮಿಷದ ಇಂಗ್ಲಿಷ್ ಮಾತು

ಬೆಂಗಳೂರಿನಲ್ಲಿ ಸಂಜೆ 4.30 ಆದಾಗ ನಗೋಯಾದಲ್ಲಿ ರಾತ್ರಿ 8 ಗಂಟೆ. ಕೆಲಸ ಮುಗಿಸಿ ಬಂದವರಿಗೆ ಹೊಂದುವ ಹೊತ್ತು. ಜಪಾನಿನವರಿಗೆ ವಿಡಿಯೊ ಕರೆಯಲ್ಲಿ ಇಂಗ್ಲಿಷ್ ಮಾತು ಕಲಿಸುತ್ತೇನೆ. ಮೊನ್ನೆ ಪಾಠಕ್ಕೆ ಕೂತವರು ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯ ಇಂಜಿನಿಯರ್. ಸದ್ಯದಲ್ಲೇ ಬಿಡದಿ ಕಡೆಗೆ ಕೆಲಸದ ಮೇಲೆ ಬರುವವರು. ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಅಳೆಯುವ ಟೋಯಿಕ್ ಪರೀಕ್ಷೆಯಲ್ಲಿ 990ಕ್ಕೆ 700ರ ಮೇಲೆ ಅಂಕ ಇದೆ. ಆದರೆ ಜಪಾನಿನಲ್ಲಿ ಹೆಚ್ಚಿನವರು ಬರೆಯುವ ಟೋಯಿಕ್ ಎಂದರೆ ಎರಡು ಗಂಟೆ ಕೇಳಿ, ಓದಿ, 200 ಪ್ರಶ್ನೆಗಳಿಗೆ ಉತ್ತರ ಗುರುತು ಹಾಕುವುದು. ಬಾಯಿ ತೆರೆಯುವ ಪ್ರಸಂಗವೇ ಇಲ್ಲ. ಮಾತಿನ ಪರೀಕ್ಷೆ ಬೇರೆಯೇ ಇದೆ. ಹಾಗಾಗಿ ಇಂಥವರಿಗೆ ಹೊಸ ವ್ಯಾಕರಣ ಹೇಳಿಕೊಡುವುದು ಸಮಯ ದಂಡ. ತಲೆಯಲ್ಲಿ ಆಗಲೇ ಇರುವ ಇಂಗ್ಲಿಷ್ ನಾಲಿಗೆಗೆ ಇಳಿಯಬೇಕು, ನಮ್ಮ ಕೆಲಸ ಅಷ್ಟೇ.

ಅದಕ್ಕೆ ಮೊದಲು ಬೇಕಾದದ್ದು ನಮ್ಮ ಬಾಯಿಗೆ ಬೀಗ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ನಿಧಾನವಾಗಿ ಎಂಟರವರೆಗೆ ಎಣಿಸುತ್ತೇನೆ. ಎರಡು ಸೆಕೆಂಡ್ ಮೌನವಾದರೆ ನಮ್ಮವರಿಗೆ ತಡೆಯುವುದಿಲ್ಲ. ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಿಬಿಡುತ್ತೇವೆ. ಆಗ ಅವರು ಅರ್ಧ ಕಟ್ಟಿದ್ದ ವಾಕ್ಯ ಬಿಟ್ಟು ಹೊಸ ಪ್ರಶ್ನೆಯನ್ನು ಮೊದಲಿನಿಂದ ಅರ್ಥ ಮಾಡಿಕೊಳ್ಳಬೇಕು. ಮೌನ ಅವರಿಗೂ ಕಷ್ಟವಾಗಬಾರದೆಂದು, ಜಪಾನಿಯಲ್ಲಿ ಯೋಚಿಸುತ್ತಾ ‘ಏತೊ’, ‘ಅನೊ’ ಎಂದು ಎಳೆಯುವ ಜಾಗದಲ್ಲಿ ‘ಲೆಟ್ ಮಿ ಥಿಂಕ್’, ‘ಹೌ ಶುಡ್ ಐ ಸೇ’ ಎನ್ನುವುದನ್ನು ಮೊದಲೇ ರೂಢಿ ಮಾಡಿಸಿರಬೇಕು. ಪ್ರಶ್ನೆಯೂ ಸಣ್ಣದಿರಲಿ. ‘ಭಾರತದ ಬಗ್ಗೆ ಏನನ್ನಿಸುತ್ತದೆ’ ಎಂದರೆ ಯಾರಾದರೂ ಬೆವರುತ್ತಾರೆ. ‘ಇವತ್ತು ಮಧ್ಯಾಹ್ನ ಏನು ತಿಂದಿರಿ, ಎಲ್ಲಿ, ಯಾರ ಜೊತೆ’ ಎಂದರೆ ಮಾತು ಹೊರಡುತ್ತದೆ.

ಪಾಠದ ತಿರುಳು 4-3-2 ಅಭ್ಯಾಸ. ಒಂದೇ ವಿಷಯವನ್ನು ಮೊದಲು ನಾಲ್ಕು ನಿಮಿಷ, ಮತ್ತೆ ಮೂರು, ಕೊನೆಗೆ ಎರಡು ನಿಮಿಷದಲ್ಲಿ ಹೇಳಬೇಕು. ಮೊನ್ನೆಯ ವಿಷಯ, ಅವರ ಕಾರ್ಖಾನೆಯ ತಯಾರಿಕೆ ಲೈನಿನಲ್ಲಿ ದೋಷವಿರುವ ಭಾಗ ಸಿಕ್ಕರೆ ಏನು ಮಾಡುತ್ತಾರೆ ಎಂಬುದು. ಕಾಗದದ ಮೇಲೆ ಐದು ಪದಗಳಿಗಷ್ಟೇ ಅವಕಾಶ. ಈ ಮಿತಿ ಹಾಕದಿದ್ದರೆ ಪೂರ್ತಿ ಬರೆದುಕೊಂಡು ಓದಿಬಿಡುತ್ತಾರೆ, ಅಭ್ಯಾಸ ಅಲ್ಲೇ ಕೆಟ್ಟಿತು. ಮೊದಲ ಸುತ್ತಿನಲ್ಲಿ ಎಷ್ಟೇ ತಡವರಿಸಲಿ, ತಿದ್ದಬಾರದು. ತಪ್ಪು ಗುರುತು ಹಾಕಿಕೊಂಡು ಸುಮ್ಮನಿರಬೇಕು. ಸುತ್ತುಗಳ ನಡುವೆ, ಅವರು ಹುಡುಕಿ ಸಿಗದೆ ಹೋದ ಎರಡು ಪದಗುಚ್ಛ ಮಾತ್ರ ಕೊಡುವುದು. ಮೂರನೇ ಸುತ್ತಿಗೆ ಕೆಲವರು ಅರ್ಧ ವಿಷಯವನ್ನೇ ಬಿಟ್ಟು ಸಮಯಕ್ಕೆ ಮುಗಿಸುತ್ತಾರೆ, ಅದಕ್ಕೇ ‘ಒಂದು ಸಂಗತಿಯೂ ಬಿಟ್ಟುಹೋಗಬಾರದು’ ಎಂದು ಮೊದಲೇ ಹೇಳಿರಬೇಕು. ಪ್ರತಿ ಸುತ್ತಿಗೂ ಬೇರೆ ಕೇಳುಗರು ಸಿಕ್ಕರೆ ಇನ್ನೂ ಒಳ್ಳೆಯದು, ಹೇಳಿದ್ದನ್ನೇ ಹೇಳುವ ಮುಜುಗರ ಇರುವುದಿಲ್ಲ.

ಮೂರೂ ಸುತ್ತು ಮುಗಿದ ಮೇಲೆ ತಿದ್ದುವುದು, ಅದೂ ಅರ್ಥ ಕೆಡಿಸುವ ಒಂದು ಬಗೆಯ ತಪ್ಪನ್ನು ಮಾತ್ರ. ‘ಎ’, ‘ದಿ’ ಬಿಟ್ಟುಹೋದರೆ ಸಂಭಾಷಣೆ ನಿಲ್ಲುವುದಿಲ್ಲ. ಜಪಾನಿಯಲ್ಲಿ ಆ ಪದಗಳೇ ಇಲ್ಲ, ಕನ್ನಡದಲ್ಲೂ ಇಲ್ಲ. ಅವು ಕೂರಲು ವರ್ಷಗಳೇ ಬೇಕು.

ಮೊನ್ನೆ ಹೆಚ್ಚು ಹೊತ್ತು ಹಿಡಿದದ್ದು ಉಚ್ಚಾರಣೆ. ಜಪಾನಿ ಮಾತಿನಲ್ಲಿ ಪದದ ಕೊನೆಗೆ ಬರುವ ವ್ಯಂಜನ ‘ನ್’ ಒಂದೇ. ಹಾಗಾಗಿ ಮಿಕ್ಕ ವ್ಯಂಜನಗಳಿಗೆಲ್ಲ ಒಂದೊಂದು ಸ್ವರ ಅಂಟುತ್ತದೆ. ಇಂಗ್ಲಿಷಿನಲ್ಲಿ ಒಂದೇ ಬಡಿತದ ‘ಸ್ಟ್ರೈಕ್’ ಅವರ ಬಾಯಲ್ಲಿ ಸು-ತೊ-ರ-ಇ-ಕು ಎಂದು ಐದಾಗುತ್ತದೆ. ಬಸ್ಸು, ಬ್ಯಾಂಕು, ಲೈಟು ಎನ್ನುವ ನಮಗೆ ಇದು ಚೆನ್ನಾಗಿ ಗೊತ್ತಿರುವ ದಾರಿ. ‘ಸ್ವರ ಸೇರಿಸಬೇಡಿ’ ಎಂದರೆ ಉಪಯೋಗವಿಲ್ಲ. ಮೇಜಿನ ಮೇಲೆ ಬೆರಳು ಬಡಿಸಬೇಕು: ‘ಡೆಸ್ಕ್’ಗೆ ಒಂದೇ ಬಡಿತ. ಅದು ಬಂದ ಮೇಲೆ ಕೊನೆಯ ವ್ಯಂಜನವನ್ನು ಮುಂದಿನ ಪದದ ಸ್ವರಕ್ಕೆ ಕಟ್ಟಿಸುವುದು. ‘ಪಿಕ್ಕು ಇತ್ತೊ ಅಪ್ಪು’ ಎನ್ನುತ್ತಿದ್ದವರಿಗೆ ‘ಪಿಕಿಟಪ್’ ಎಂದು ಒಂದೇ ಉಸಿರಿನಲ್ಲಿ ಹೇಳಿಸಿದರೆ, ಹೆಚ್ಚುವರಿ ಸ್ವರಕ್ಕೆ ಜಾಗವೇ ಉಳಿಯುವುದಿಲ್ಲ. ಇದರ ಲಾಭ ಕಿವಿಗೂ ಇದೆ: ತಾವು ಹಾಗೆ ಹೇಳಿದ ಮೇಲೆ, ಇನ್ನೊಬ್ಬರು ಹಾಗೆ ಹೇಳಿದ್ದು ಕೇಳಿಸತೊಡಗುತ್ತದೆ.

ಲ ಮತ್ತು ರ ವಿಷಯದಲ್ಲಿ ಕನ್ನಡಿಗರು ಇನ್ನಷ್ಟು ಎಚ್ಚರವಾಗಿರಬೇಕು. ಜಪಾನಿಯರಿಗೆ ‘ಲೈಟ್’, ‘ರೈಟ್’ ಎರಡೂ ‘ರೈತೊ’. ಅವರ ರಕಾರದಲ್ಲಿ ನಾಲಿಗೆಯ ತುದಿ ಮೇಲಕ್ಕೆ ಒಮ್ಮೆ ತಟ್ಟಿ ಇಳಿಯುತ್ತದೆ. ನಮ್ಮ ರಕಾರದಲ್ಲೂ ನಾಲಿಗೆ ತಟ್ಟುತ್ತದೆ. ನಾವು ನಮ್ಮ ರೂಢಿಯಂತೆ ‘ರೈಟ್’ ಎಂದರೆ ಅವರ ಗೊಂದಲ ಹಾಗೇ ಉಳಿಯುತ್ತದೆ. ಇಂಗ್ಲಿಷಿನ ರಕಾರಕ್ಕೆ ನಾಲಿಗೆಯ ತುದಿ ಎಲ್ಲೂ ತಾಗಬಾರದು, ತುಟಿ ಸ್ವಲ್ಪ ಗುಂಡಾಗಬೇಕು. ಲಕಾರಕ್ಕೆ ಮೇಲಿನ ಹಲ್ಲಿನ ಹಿಂದಿನ ಉಬ್ಬಿಗೆ ತುದಿ ಒತ್ತಿ ಎರಡು ಸೆಕೆಂಡ್ ‘ಲ್‌ಲ್‌ಲ್’ ಎಂದು ಹಿಡಿದು ಬಿಡಬೇಕು. ಮೊದಲು ಕೇಳಿಸಿ, ಯಾವುದು ಎಂದು ಬೆರಳಿನಲ್ಲಿ ತೋರಿಸಲಿ: ಒಂದು ಎಂದರೆ ಲ, ಎರಡು ಎಂದರೆ ರ. ಕಿವಿ ಗುರುತಿಸುವ ಮೊದಲೇ ಬಾಯಿಗೆ ಒತ್ತಾಯ ಮಾಡಬಾರದು. ದಿನಕ್ಕೆ ಐದು ನಿಮಿಷ ಸಾಕು.

ಕೊನೆಯ ಭಾಗಕ್ಕೆ ಕಾರ್ಖಾನೆಯ ಸಭೆಯ ಅಭಿನಯ. ಇಲ್ಲಿ ‘ಯೆಸ್’ ದೊಡ್ಡ ಅಪಾಯ. ಜಪಾನಿಯಲ್ಲಿ ‘ಹಾಯ್’ ಎಂದು ಆಗಾಗ ದನಿಗೂಡಿಸುವುದು ಕೇಳುತ್ತಿದ್ದೇನೆ ಎಂಬುದಕ್ಕೆ. ಅದೇ ಅಭ್ಯಾಸದಲ್ಲಿ ‘ಯೆಸ್, ಯೆಸ್’ ಎಂದರೆ ಈ ಕಡೆಯವರು ಒಪ್ಪಿಗೆ ಸಿಕ್ಕಿತೆಂದು ಆರ್ಡರ್ ಹಾಕಿಬಿಡಬಹುದು. ಅದರ ಬದಲು ‘ಐ ಸೀ’ ಎಂದು ಕಲಿಸುತ್ತೇನೆ. ಇನ್ನೊಂದು, ಇಲ್ಲವೇ ಎಂಬ ಪ್ರಶ್ನೆ. ‘ಡ್ರಾಯಿಂಗ್ ಬಂದಿಲ್ವಾ?’ ಎಂದರೆ ನಾವೂ ‘ಹೌದು, ಬಂದಿಲ್ಲ’ ಎನ್ನುತ್ತೇವೆ, ಅವರೂ ಅಷ್ಟೇ. ಇಂಗ್ಲಿಷಿನಲ್ಲಿ ಅಲ್ಲಿ ‘ನೋ’ ಬರಬೇಕು. ಒಂಟಿ ‘ಯೆಸ್’, ‘ನೋ’ ಬಿಟ್ಟು ‘ನೋ, ಇಟ್ ಹ್ಯಾಸಂಟ್ ಕಮ್’ ಎಂದು ಪೂರ್ತಿ ಹೇಳಿಸಿದರೆ ತಪ್ಪಿದರೂ ಅರ್ಥ ಉಳಿಯುತ್ತದೆ. ಅರ್ಥವಾಯಿತೇ ಎಂದು ಕೇಳಿದರೆ ಯಾವಾಗಲೂ ‘ಯೆಸ್’ ಬರುತ್ತದೆ. ‘ಈಗ ಮೊದಲು ಏನು ಮಾಡುತ್ತೀರಿ’ ಎಂದು ಕೇಳಬೇಕು.

ಜಪಾನಿಯಲ್ಲಿ ಸೇರಿಹೋದ ಇಂಗ್ಲಿಷ್ ಪದಗಳೂ ದಾರಿ ತಪ್ಪಿಸುತ್ತವೆ. ಕಾರಿನ ‘ಹಂದೊರು’ ಎಂದರೆ ಸ್ಟೀರಿಂಗ್, ‘ವಿಂಕಾ’ ಎಂದರೆ ಇಂಡಿಕೇಟರ್, ‘ಕುರೇಮು’ ಎಂದರೆ ಗ್ರಾಹಕರ ದೂರು. ಕೊನೆಯದನ್ನು ‘ಕ್ಲೇಮ್’ ಎಂದೇ ಹೇಳಿದರೆ ಕೇಳಿದವರು ವಾರಂಟಿ ಹಣದ ಲೆಕ್ಕ ಎಂದುಕೊಳ್ಳುತ್ತಾರೆ. ಸಂಖ್ಯೆಯಲ್ಲಿ ಇನ್ನೂ ತೊಡಕು: ಅವರು ಹತ್ತು ಸಾವಿರವನ್ನು ಒಂದು ‘ಮಾನ್’ ಎಂದು ಎಣಿಸುತ್ತಾರೆ, ನಾವು ಲಕ್ಷದಲ್ಲಿ. 1,50,000 ಅವರಿಗೆ 15 ಮಾನ್, ನಮಗೆ ಒಂದೂವರೆ ಲಕ್ಷ, ಇಂಗ್ಲಿಷಿನಲ್ಲಿ ನೂರೈವತ್ತು ಸಾವಿರ. ಅಂಕಿಯನ್ನು ಪರದೆಯ ಮೇಲೆ ಬರೆದು ತೋರಿಸದೆ ಬಾಯಲ್ಲಷ್ಟೇ ಹೇಳಬಾರದು. ನಮ್ಮ ಕಡೆಯವರು ‘ಲ್ಯಾಕ್’, ‘ಪ್ರಿಪೋನ್’, ‘ಔಟ್ ಆಫ್ ಸ್ಟೇಷನ್’ ಎನ್ನುವುದನ್ನೂ, ಒಪ್ಪಿಗೆಗೆ ತಲೆ ಅಡ್ಡಡ್ಡ ಆಡಿಸುವುದನ್ನೂ ಮುಂಚೆಯೇ ಪರಿಚಯಿಸಿದರೆ ಇಲ್ಲಿಗೆ ಬಂದಾಗ ಕಂಗೆಡುವುದಿಲ್ಲ.

ಮುಂದಿನ ಪಾಠಕ್ಕೆ ಕೊಟ್ಟ ಕೆಲಸ: ಅದೇ ದೋಷದ ಭಾಗದ ವಿಷಯವನ್ನು ಫೋನಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ, ಕೇಳಿ, ಮತ್ತೊಮ್ಮೆ ರೆಕಾರ್ಡ್ ಮಾಡಿ ಎರಡನೆಯದನ್ನು ಕಳಿಸುವುದು. ಉತ್ತರವಾಗಿ ನಾನು ಕಳಿಸುವುದು ಒಂದೇ ತಿದ್ದುಪಡಿ, ಬರೆದಲ್ಲ, ನಿಧಾನವಾಗಿ ಮಾತಾಡಿ ರೆಕಾರ್ಡ್ ಮಾಡಿದ್ದು.