ಯಾವ ಕಣ್ಣು, ದೊಡ್ಡಮ್ಮ?

ಕಳೆದ ವಾರ ದೊಡ್ಡಮ್ಮನಿಗೆ ಮೈಸೂರಿನಲ್ಲಿ ಎಡಗಣ್ಣಿನ ಪೊರೆಯ ಆಪರೇಷನ್ ಆಯಿತು. ಸುಂಟಿಕೊಪ್ಪದಿಂದ ಬೆಳಗಿನ ಜಾವ 4 ಗಂಟೆಗೇ ಹೊರಟಿದ್ದರು. ಸಂಜೆ ಫೋನ್ ಮಾಡಿದಾಗ ನೋವಿನ ಮಾತೇ ಇಲ್ಲ, ಬರೀ ಸಿಟ್ಟು.

"ಅಲ್ಲ ಮಗಾ, ಎಷ್ಟು ಸಲ ಕೇಳುವುದು ಅವರು? ಬಾಗಿಲಲ್ಲಿ ಒಬ್ಬಳು, ಡ್ರಾಪ್ಸ್ ಹಾಕುವಾಗ ಇನ್ನೊಬ್ಬಳು, ಒಳಗೆ ಹೋದ ಮೇಲೆ ಡಾಕ್ಟರು. ನಿಮ್ಮ ಹೆಸರೇನು, ಯಾವ ಕಣ್ಣು, ಯಾವ ಕಣ್ಣು ಅಂತ. ಚೀಟಿಯಲ್ಲಿ ಬರೆದಿಲ್ವಾ?"

ಅದನ್ನು ಕೇಳಿ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಮೂರು ಸಲ ಕೇಳಿದ್ದಾರೆ ಅಂದರೆ ದೊಡ್ಡಮ್ಮ ಒಳ್ಳೆಯವರ ಕೈಯಲ್ಲಿ ಇದ್ದರು. ಹಾಗೆ ಹೇಳಿದರೆ ಅವರು ಒಪ್ಪಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು 22 ವರ್ಷ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ಸ್ಟಾಫ್ ನರ್ಸ್ ಆಗಿದ್ದೆ. ಅದರಲ್ಲಿ ಒಂದು ಬೆಳಿಗ್ಗೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಇಲ್ಲೇ ಕೊಡಗಿನ ಒಂದು ಆಸ್ಪತ್ರೆ, ಹೆಸರು ಬೇಡ. 2006ರ ಜನವರಿ, ಕಾಫಿ ಕುಯ್ಲಿನ ಸಮಯ. ಎಸ್ಟೇಟಿನ ಲೈನ್ ಮನೆಯಿಂದ, ಅಂದರೆ ಕೂಲಿಯವರ ಸಾಲುಮನೆಯಿಂದ, ಒಬ್ಬರು ತೊಡೆಸಂದಿನ ಹರ್ನಿಯಾ ಆಪರೇಷನ್‌ಗೆ ಬಂದಿದ್ದರು. ವಯಸ್ಸು ಐವತ್ತರ ಮೇಲೆ. ಮನೆಯಲ್ಲಿ ಎರವ ಭಾಷೆ, ಕನ್ನಡ ಅಷ್ಟಕ್ಕಷ್ಟೇ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜೊತೆಗೆ ಬಂದು, ಡಾಕ್ಟರ್ ಕೇಳಿದ ಪ್ರಶ್ನೆಗಳಿಗೆಲ್ಲ ತಾವೇ ಉತ್ತರ ಕೊಟ್ಟು ಹೋಗಿದ್ದರು.

ಕೇಸ್ ಶೀಟಿನಲ್ಲಿ ಎಡ ಅಂತ ಇತ್ತು. ಹಿಂದಿನ ರಾತ್ರಿ ಓಟಿ ಲಿಸ್ಟ್ ಬರೆದವರು ಬಲ ಅಂತ ಬರೆದಿದ್ದರು. ಇಂಗ್ಲಿಷಿನಲ್ಲಿ ಎಡಕ್ಕೆ ಎಲ್‌ಟಿ, ಬಲಕ್ಕೆ ಆರ್‌ಟಿ ಅಂತ ಚುಟುಕಾಗಿ ಗೀಚುವುದು ರೂಢಿ. ಒಂದು ಅಕ್ಷರದ ವ್ಯತ್ಯಾಸ ಅಷ್ಟೇ. ನಮ್ಮ ಕೈಯಲ್ಲಿದ್ದದ್ದು ಲಿಸ್ಟ್. ನಾನು ಅವರ ಹತ್ತಿರ ಹೋಗಿ "ಅಣ್ಣ, ಬಲಗಡೆ ಅಲ್ವಾ?" ಅಂದೆ. ಅವರು ತಲೆ ಆಡಿಸಿದರು.

ಆ ಪ್ರಶ್ನೆ ನನ್ನ ತಪ್ಪು. ಉತ್ತರ ನಾನೇ ಬಾಯಿಗೆ ಹಾಕಿಬಿಟ್ಟಿದ್ದೆ. ಹೆದರಿ ಮಲಗಿರುವವರು, ಮಾತು ಅರ್ಧ ಅರ್ಥವಾದವರು, ಬಿಳಿ ಬಟ್ಟೆ ಹಾಕಿದವರು ಏನು ಹೇಳಿದರೂ ಹೂಂ ಅನ್ನುತ್ತಾರೆ. "ಎಡಗಡೆ ಅಲ್ವಾ?" ಅಂದಿದ್ದರೂ ತಲೆ ಆಡಿಸುತ್ತಿದ್ದರು.

ಸೊಂಟದ ಕೆಳಗೆ ಮರಗಟ್ಟಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಲಗಿಸಿದೆವು. ಹರ್ನಿಯಾದ ಊತ ನಿಂತಾಗ, ಕೆಮ್ಮಿದಾಗ ಕಾಣುತ್ತದೆ. ಮಲಗಿದರೆ ಎಷ್ಟೋ ಸಲ ಒಳಗೆ ಹೋಗಿಬಿಡುತ್ತದೆ. ಟೇಬಲ್ ಮೇಲೆ ಎಡವೂ ಒಂದೇ, ಬಲವೂ ಒಂದೇ. ಡಾಕ್ಟರ್ ಬಲಗಡೆಗೆ ಬೆಟಾಡಿನ್ ಹಚ್ಚಲು ಶುರು ಮಾಡಿದರು.

ಆಗ ಬಾಗಿಲ ಹತ್ತಿರ ನಿಂತಿದ್ದ ನಮ್ಮ ಅಟೆಂಡರ್ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು. "ಸಿಸ್ಟರೇ, ಟ್ರಾಲಿ ಹತ್ತುವಾಗ ಇವರು ಎಡಗಡೆ ಒತ್ತಿ ಹಿಡ್ಕೊಂಡಿದ್ರು."

ಡಾಕ್ಟರಿಗೆ ಹೇಳುವ ಧೈರ್ಯ ಅವರಿಗೆ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಇರಲಿಲ್ಲ. ಬಾಯಿ ಒಣಗಿತ್ತು. ಆದರೂ ಹೇಳಿದೆ. ಡಾಕ್ಟರ್ ಕೈ ನಿಲ್ಲಿಸಿದರು, ಕೇಸ್ ಶೀಟ್ ತರಿಸಿದರು. ರೋಗಿಗೆ ಎಚ್ಚರ ಇತ್ತಲ್ಲ, ಅಟೆಂಡರ್ ತಮಗೆ ಬರುವ ಮಾತಿನಲ್ಲೇ ಅವರನ್ನು ಕೇಳಿದರು. ಒಂದು ಕೈ ಬಿಚ್ಚಿಬಿಟ್ಟೆವು. ಅವರು ಅದನ್ನು ನೇರ ಎಡಗಡೆಗೆ ಇಟ್ಟರು.

ಎಡಗಡೆ ಆಪರೇಷನ್ ಆಯಿತು. ಮೂರನೇ ದಿನ ಮನೆಗೆ ಹೋದರು. ನಡೆದದ್ದನ್ನು ಯಾರೂ ಎಲ್ಲೂ ಬರೆದಿಡಲಿಲ್ಲ. ಆ ಡಾಕ್ಟರ್ ಬೇಜವಾಬ್ದಾರಿ ಮನುಷ್ಯ ಅಲ್ಲ, ತುಂಬಾ ಜಾಗ್ರತೆಯವರು. ಜಾಗ್ರತೆಯವರ ಕೈಯಲ್ಲೂ ಇದು ಆಗುತ್ತದೆ. 1995ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಒಬ್ಬರ ತೆಗೆಯಬಾರದ ಕಾಲನ್ನೇ ತೆಗೆದುಬಿಟ್ಟರು. ಓಟಿಯ ಬೋರ್ಡಿನಲ್ಲಿ ತಪ್ಪು ಕಾಲು ಬರೆದಿತ್ತು, ಜೊತೆಗೆ ಎರಡು ಕಾಲಿನಲ್ಲೂ ಕಾಯಿಲೆ ಇತ್ತು. ನೋಡಿದ ಕಣ್ಣಿಗೆ ಅನುಮಾನ ಬರಲಿಲ್ಲ.

ಇಂಥ ತಪ್ಪು ತಡೆಯಲು 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್ ಸಮಯದಲ್ಲಿ ಕೇಳಿ ಟಿಕ್ ಹಾಕುವ ಒಂದು ಪುಟದ ಚೆಕ್‌ಲಿಸ್ಟ್ ತಂದಿತು. ಅದರಲ್ಲಿ 19 ವಿಷಯ. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪ್ರಯೋಗ ಮಾಡಿ ನೋಡಿದ್ದರು, ನಮ್ಮ ದೆಹಲಿಯೂ ಅದರಲ್ಲಿತ್ತು. 2009ರ ಜನವರಿಯಲ್ಲಿ ಫಲಿತಾಂಶ ಬಂತು. ಆಪರೇಷನ್ ನಂತರದ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿದಿತ್ತು. ಸೋಂಕು, ರಕ್ತಸ್ರಾವ ಹೀಗೆ ಎಲ್ಲ ಕಾರಣದ ಸಾವೂ ಸೇರಿದ ಲೆಕ್ಕ ಅದು, ಬರೀ ಎಡ ಬಲದ ತಪ್ಪಿನದ್ದಲ್ಲ.

ಆ ಚೆಕ್‌ಲಿಸ್ಟ್ ಪ್ರಕಾರ ಮೂರು ಕಡೆ ನಿಲ್ಲಬೇಕು. ಅರಿವಳಿಕೆ ಕೊಡುವ ಮೊದಲು, ಚಾಕು ಇಡುವ ಮೊದಲು, ರೋಗಿಯನ್ನು ಓಟಿಯಿಂದ ಹೊರಗೆ ಕಳಿಸುವ ಮೊದಲು. ನಡುವಿನದಕ್ಕೆ ಟೈಮ್ ಔಟ್ ಅನ್ನುತ್ತಾರೆ. ಎಲ್ಲರೂ ಕೈ ನಿಲ್ಲಿಸಿ, ತಮ್ಮ ಹೆಸರು, ಕೆಲಸ ಹೇಳಿ, ಇವರು ಯಾರು, ಯಾವ ಆಪರೇಷನ್, ಯಾವ ಜಾಗ ಅಂತ ಜೋರಾಗಿ ಹೇಳಬೇಕು. ಹೆಸರು ಹೇಳುವುದು ಯಾಕೆ ಅಂತ ನಮ್ಮಲ್ಲಿ ಎಷ್ಟೋ ಜನ ಕೇಳಿದರು, ದಿನಾ ಮುಖ ನೋಡುವವರೇ ಅಲ್ವಾ ಅಂತ. ನನಗೆ ಆ ಅಟೆಂಡರ್ ನೆನಪಾಗುತ್ತಾರೆ. ಒಮ್ಮೆ ಎಲ್ಲರ ಎದುರು ಬಾಯಿ ಬಿಟ್ಟವರಿಗೆ ಎರಡನೇ ಸಲ ಬಾಯಿ ಬಿಡುವುದು ಸುಲಭ.

ಗುರುತಿನ ವಿಷಯವೂ ಇದೆ. ರೋಗಿ ಎಚ್ಚರ ಇರುವಾಗಲೇ, ಅವರನ್ನೇ ಕೇಳಿಕೊಂಡು, ಆಪರೇಷನ್ ಮಾಡುವ ಡಾಕ್ಟರೇ ಮೈಮೇಲೆ ಅಳಿಸದ ಪೆನ್ನಿನಿಂದ ಗುರುತು ಹಾಕಬೇಕು. ಹರ್ನಿಯಾ ಆದರೆ ನಿಲ್ಲಿಸಿ, ಕೆಮ್ಮಿಸಿ, ಊತ ನೋಡಿ ಹಾಕಬೇಕು. ಹಸಿರು ಬಟ್ಟೆ ಹೊದಿಸಿದ ಮೇಲೂ ಅದು ಕಾಣಬೇಕು. ಇಂಟು ಗುರುತು ಬೇಡವೇ ಬೇಡ. ಒಬ್ಬರಿಗೆ ಅದು 'ಇಲ್ಲೇ' ಅಂತ, ಇನ್ನೊಬ್ಬರಿಗೆ 'ಇಲ್ಲಿ ಬೇಡ' ಅಂತ. ರೋಗಿಯನ್ನು ಬೋರಲು ಮಲಗಿಸಿದಾಗ, ಎಕ್ಸ್‌ರೇ ಫಿಲ್ಮ್ ತಿರುವುಮುರುವು ಸಿಕ್ಕಿಸಿದಾಗ ಎಂಥವರಿಗೂ ಎಡ ಬಲ ಅದಲುಬದಲಾಗುತ್ತದೆ. ಆಗ ಕಾಯುವುದು ಮೈಮೇಲಿನ ಆ ಗುರುತು. ದೊಡ್ಡಮ್ಮನಿಗೂ ಎಡಹುಬ್ಬಿನ ಮೇಲೆ ಬಾಣ ಬರೆದಿದ್ದರಂತೆ. ಅದನ್ನು ಒರೆಸಬೇಡಿ ಅಂದದ್ದೂ ಅವರ ಸಿಟ್ಟಿಗೆ ಒಂದು ಕಾರಣ.

ನನಗೆ ತುಂಬಾ ನೋವು ಕೊಟ್ಟದ್ದು ಬೇರೆ. ಹೊಲಿಗೆ ಹಾಕುವ ಹೊತ್ತಿಗೆ ಯಾರೋ ಕೂತು ಚೆಕ್‌ಲಿಸ್ಟಿನ ಎಲ್ಲ ಚೌಕಕ್ಕೂ ಸುಮ್ನೆ ಟಿಕ್ ಹಾಕುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಫೈಲಿನಲ್ಲಿ ಕಾಗದ ಇರುತ್ತದೆ, ಪ್ರಶ್ನೆ ಮಾತ್ರ ಯಾರೂ ಕೇಳಿರುವುದಿಲ್ಲ.

ನಮ್ಮ ಜಿಲ್ಲೆಯಲ್ಲಂತೂ ಈ ಪ್ರಶ್ನೆ ಸುಲಭ ಅಲ್ಲ. ಒಂದೇ ವಾರ್ಡಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಎರವ, ಈಗ ಅಸ್ಸಾಂನಿಂದ ಬಂದವರ ಮಾತು. ಒಂದೇ ಹೆಸರಿನವರು ಇಬ್ಬರು, ಕೆಲವೊಮ್ಮೆ ಅಕ್ಕಪಕ್ಕದ ಬೆಡ್. ಅದಕ್ಕೇ ನಾನು ಆಮೇಲೆ ಹೊಸ ಸಿಸ್ಟರುಗಳಿಗೆಲ್ಲ ಒಂದೇ ಮಾತು ಹೇಳುತ್ತಿದ್ದೆ. "ಸೀತಮ್ಮ ಅಲ್ವಾ?" ಅನ್ನಬೇಡಿ, "ನಿಮ್ಮ ಹೆಸರೇನು?" ಅನ್ನಿ. ಗಂಡನದೋ ತಂದೆಯದೋ ಹೆಸರು ಹೇಳಿಸಿ. ಎಡ ಬಲದ ಪದ ಬಿಟ್ಟು, ಅವರದೇ ಕೈಯಿಂದ ಮುಟ್ಟಿ ತೋರಿಸಲು ಹೇಳಿ. ಜೊತೆಗೆ ಬಂದ ರೈಟರ್ ಉತ್ತರ ಕೊಟ್ಟರೆ ವಿನಯದಿಂದ ಕೇಳಿಸಿಕೊಂಡು, ಮತ್ತೆ ರೋಗಿಯನ್ನೇ ಕೇಳಿ.

ದೊಡ್ಡಮ್ಮನ ಬಲಗಣ್ಣಿನ ಆಪರೇಷನ್ ಹುತ್ತರಿ ಹಬ್ಬ ಕಳೆದ ಮೇಲೆ. ಈ ಸಲ ನಾನೂ ಜೊತೆಗೆ ಹೋಗುತ್ತೇನೆ. ನಿನ್ನೆ ಮನೆಗೆ ಹೋದಾಗ ಎದುರು ಕೂತು "ಯಾವ ಕಣ್ಣು, ದೊಡ್ಡಮ್ಮ?" ಅಂತ ಕೇಳಿದೆ. ಕಪ್ಪು ಕನ್ನಡಕದ ಒಳಗಿಂದ ನನ್ನನ್ನೇ ನೋಡಿದರು. ಆಮೇಲೆ ಬೆರಳೆತ್ತಿ ಬಲಹುಬ್ಬಿನ ಮೇಲೆ ಇಟ್ಟರು.