ಜಾವೇದ್‌ನ ಎರಡು ಮನೆ

ಗುರಿಂದರ್ ಚಡ್ಡಾ ಅವರ 2019ರ ಸಿನಿಮಾ ‘ಬ್ಲೈಂಡೆಡ್ ಬೈ ದ ಲೈಟ್’ ಇನ್ನೂ ನೋಡಿಲ್ಲ ಅಂದ್ರೆ ದಯವಿಟ್ಟು ನೋಡಿ. ಪತ್ರಕರ್ತ ಸರ್ಫ್ರಾಜ್ ಮಂಜೂರ್ ಅವರ ಸ್ವಂತ ನೆನಪುಗಳಿಂದ ಹುಟ್ಟಿದ ಕಥೆ ಇದು. 1987, ಇಂಗ್ಲೆಂಡಿನ ಲೂಟನ್, ಪಾಕಿಸ್ತಾನಿ ಮನೆಯ ಹುಡುಗ ಜಾವೇದ್. ಅಪ್ಪನಿಗೆ ವಾಕ್ಸ್‌ಹಾಲ್ ಕಾರ್ ಫ್ಯಾಕ್ಟರಿ ಕೆಲಸ ಹೋಗತ್ತೆ, ಅಮ್ಮ ಮನೇಲೇ ಹೊಲಿಗೆ ಮಷೀನ್ ಮುಂದೆ ಕೂತು ಸಂಸಾರ ತೂಗಿಸ್ತಾರೆ.

ನನ್ನನ್ನ ತುಂಬಾ ಕಾಡಿದ್ದು ಒಂದು ಸೀನ್. ಪರಿಚಯದವರ ಮನೆಗೆ ಹೋದಾಗ ಬಿಳಿ ಹುಡುಗರು ಬಾಗಿಲಿನ ಟಪಾಲು ಕಿಂಡಿಯಿಂದ ಒಳಗೆ ಉಚ್ಚೆ ಹೊಯ್ತಾರೆ, ಮನೆಯವರು ಅದಕ್ಕಂತಲೇ ಮೊದಲೇ ನೆಲಕ್ಕೆ ಪ್ಲಾಸ್ಟಿಕ್ ಹಾಸಿಟ್ಟಿರ್ತಾರೆ. ಅಂದ್ರೆ ಅವಮಾನ ಅನ್ನೋದು ಅವರ ದಿನಚರಿಗೇ ಸೇರಿಹೋಗಿದೆ, ಯಾರೂ ಕಿರುಚಾಡಲ್ಲ, ನನಗೆ ಅದನ್ನ ನೋಡಿ ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಯ್ತು.

ಸಿಖ್ ಗೆಳೆಯ ರೂಪ್ಸ್ ಕೊಟ್ಟ ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಕ್ಯಾಸೆಟ್ಟಿಂದ ಜಾವೇದ್‌ಗೆ ಬರೆಯೋ ಧೈರ್ಯ ಬರತ್ತೆ, ಆದ್ರೆ ಅಪ್ಪನಿಗೆ ಇದೆಲ್ಲ ಮಗ ಕೈತಪ್ಪಿ ಹೋಗ್ತಿದಾನೆ ಅನ್ನೋ ಭಯ. ಆ ಅಪ್ಪನ್ನ ವಿಲನ್ ಮಾಡದೇ ಇದ್ದದ್ದು ನನಗೆ ತುಂಬಾ ಇಷ್ಟ ಆಯ್ತು, ಹೊರಗೆ ವಲಸಿಗರನ್ನ ವಿರೋಧಿಸೋ ನ್ಯಾಷನಲ್ ಫ್ರಂಟ್ ಪಕ್ಷದವರು ಮೆರವಣಿಗೆ ಮಾಡ್ತಿರೋವಾಗ ಮಕ್ಕಳನ್ನ ಹಿಡಿದಿಟ್ಕೊಳ್ಳೋಕೆ ಬೇರೆ ದಾರಿ ಅವರಿಗೆ ಗೊತ್ತಿಲ್ಲ ಅಷ್ಟೇ.

ತಂಗಿ ಶಾಜಿಯಾ ಅಣ್ಣನ್ನ ಹಗಲು ಹೊತ್ತಿನ ಭಾಂಗ್ರಾ ಡಿಸ್ಕೋಗೆ ಕರ್ಕೊಂಡು ಹೋಗ್ತಾಳೆ. ರಾತ್ರಿ ಹೊರಗೆ ಬಿಡದ ಮನೆಗಳ ಹುಡುಗ ಹುಡುಗಿಯರಿಗೆ ಇಂಥ ಡೇಟೈಮರ್‌ಗಳು ಆಗ ಬ್ರಿಟನ್ನಲ್ಲಿ ನಿಜವಾಗ್ಲೂ ನಡೀತಿದ್ವು. ಅವಳ ಕಥೇನೇ ಇನ್ನೊಂದು ಪೂರ್ತಿ ಸಿನಿಮಾ ಆಗ್ಬೇಕಿತ್ತು, ಇಲ್ಲಿ ಅವಳಿಗೆ ಸಿಕ್ಕ ಜಾಗ ತೀರಾ ಕಮ್ಮಿ.